ಶೇಕ್ ಆದ ನೀಲಗಿರಿ ತೋಪು

ನಮ್ಮ ಕಡೆ ಕಾಡು ಎಂದರೆ ನೀಲಗಿರಿ ಪ್ಲಾಂಟೇಶನ್. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಚಳ್ಳಕೆರೆಯಲ್ಲಿ ಬಸ್ಸು ಹತ್ತಿ ಮೊಳಕಾಲ್ಮುರುವಿನ ತನಕ ಕಿಟಕಿ ಪಕ್ಕ ಕೂತರೆ ಕಾಣುವುದು ಶೇಂಗಾ ಹೊಲ, ಕಲ್ಲುಗುಡ್ಡ, ಜಾಲಿ, ಮತ್ತೆ ಶೇಂಗಾ ಹೊಲ. ಅರಣ್ಯ ಇಲಾಖೆಯವರಿಗೂ ಈ ಬೋಳು ನೋಡಿ ಬೇಜಾರಾಗಿರಬೇಕು. ಅಲ್ಲಲ್ಲಿ ನೀಲಗಿರಿ ನೆಟ್ಟು, ಒಳಗೆ ಕಾಲಿಡಬಾರದೆಂದು ಬೋರ್ಡು ಹೊಡೆದಿದ್ದರು. ಬೋರ್ಡಿನ ನೆರಳಲ್ಲಿ ಆಡು ಮಲಗುತ್ತಿದ್ದವು. ಒಂದೇ ವಯಸ್ಸಿನ, ಒಂದೇ ದಪ್ಪದ ಮರಗಳು, ಡ್ರಿಲ್ ಪೀರಿಯಡ್ಡಿನ ಮಕ್ಕಳ ಹಾಗೆ ಸಾಲು ಹಿಡಿದು ನಿಂತಿರುತ್ತಿದ್ದವು. ಇಂಥದೊಂದು ತೋಪಿನಲ್ಲಿ ನಿಂತು ನಾನು ಒಂದು ವರ್ಷಕ್ಕೂ ಮೇಲೆ ಕ್ಯಾಮೆರಾ ಅಲ್ಲಾಡಿಸಿದೆ. ಕೈ ತಪ್ಪಿ ಅಲ್ಲ, ಬೇಕಂತಲೇ.

ಇಂಟರ್ನೆಟ್ಟು ಬಂದ ಮೇಲೆ ನನಗೆ ಗೊತ್ತಾಯಿತು, ಹೊರದೇಶಗಳಲ್ಲಿ ಈ ಕೆಲಸಕ್ಕೆ ಉದ್ದದ ಹೆಸರೊಂದಿದೆ, ಮೂರಕ್ಷರದ ಗಿಡ್ಡ ಹೆಸರೂ ಇದೆ, ದೊಡ್ಡ ದೊಡ್ಡ ಕಾಡುಗಳಲ್ಲಿ ಜನರನ್ನು ಸೇರಿಸಿ ಕ್ಯಾಮೆರಾ ತೂಗುವುದನ್ನು ಕಲಿಸುವ ಶಿಬಿರಗಳೂ ನಡೆಯುತ್ತವೆ ಎಂದು. ನಾನು ತೂಗುತ್ತಿದ್ದಾಗ ಚಳ್ಳಕೆರೆಯಲ್ಲಿ ಅದಕ್ಕಿದ್ದದ್ದು ಒಂದೇ ಹೆಸರು, ಶೇಕ್.

ನಾನು ಆಗ ಬಿ.ಜಿ. ಕೆರೆಯ ಆಚೆಗಿನ ಒಂದು ಹಳ್ಳಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಡಂ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ ನಾನೇ. ನಮ್ಮಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊತ್ತು ಹೊತ್ತು ಸತ್ತ. ಅವ್ವ ಅದೇ ಮಿಲ್ಲಿನ ಅಂಗಳದಲ್ಲಿ ಶೇಂಗಾ ಕೇರಿದಳು. ಕಾಲೇಜಿಗೆ ರಜೆ ಬಂದಾಗಲೆಲ್ಲ ನಾನೂ ಅವಳ ಪಕ್ಕ ಮೊರ ಹಿಡಿದು ಕೂರುತ್ತಿದ್ದೆ. ಬೆಳಕು ಹೇಗೆ ಬಾಗುತ್ತದೆ, ಮಸೂರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೆಲ್ಲ ನಾನು ಓದಿದ್ದು ಶೇಂಗಾ ಮೂಟೆಗೆ ಪುಸ್ತಕ ಒರಗಿಸಿಕೊಂಡು, ಹೊಟ್ಟಿನ ಧೂಳಿಗೆ ಸೀನುತ್ತ. ಹೀಗಾಗಿ ಹೆಸರಿನ ಮುಂದೆ ಬಿ.ಎಸ್ಸಿ., ಬಿ.ಇಡಿ. ಎಂದು ಹಾಕದೆ ನಾನು ಗ್ಯಾಸ್ ಸಿಲಿಂಡರಿನವನಿಗೂ ಸಹಿ ಮಾಡಿಕೊಟ್ಟಿಲ್ಲ. ಇದಕ್ಕೆ ನಗುವವರಿದ್ದಾರೆ. ನಗುವವರ ಮನೆಯಲ್ಲಿ ಡಿಗ್ರಿ ಎನ್ನುವುದು ತಾತನ ಕಾಲದ ಮಂಚದ ಹಾಗೆ, ಅವರು ಹುಟ್ಟುವ ಮುಂಚೆಯೇ ಇತ್ತು. ಮಂಚದ ಬಗ್ಗೆ ಯಾರು ಹೆಮ್ಮೆ ಪಡುತ್ತಾರೆ?

ಕ್ಯಾಮೆರಾ ಕೊಂಡದ್ದು ಚಳ್ಳಕೆರೆಯ ಸ್ಟುಡಿಯೋ ಸಾಹೇಬರಿಂದ. ಅವರು ನಮ್ಮ ಊರಿನ ಅರ್ಧ ಜನರ ಮದುವೆಗೂ, ಪೂರ್ತಿ ಜನರ ಪಾಸ್‌ಪೋರ್ಟ್ ಸೈಜಿಗೂ ಹೊಣೆಗಾರರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಮೊಳಕಾಲ್ಮುರು ಕಡೆಯ ಗಿರಾಕಿ ಬಂದರೆ ತೆಲುಗು. ಮೂರೂ ಭಾಷೆಯಲ್ಲಿ ಅವರು ಹೇಳುತ್ತಿದ್ದದ್ದು ಒಂದೇ ಮಾತು: ‘ಅಲ್ಲಾಡ್‌ಬ್ಯಾಡ್ರಿ.’ ಅವರು ಮದುವೆಗಳಲ್ಲಿ ಬಳಸಿ ಸವೆಸಿದ ಕ್ಯಾಮೆರಾ ನನ್ನ ಕೈಗೆ ಬಂದಾಗ ಅದರ ಬೆಳಕಿನ ಮೀಟರು ಸತ್ತಿತ್ತು, ಫಿಲಂ ಮೇಲೆ ಸಣ್ಣ ಗೀರು ಎಳೆಯುವ ಚಟವೂ ಅದಕ್ಕೆ ಅಂಟಿತ್ತು. ಅವ್ವ ಅದನ್ನು ನೋಡಿ ಅಂದದ್ದು ಇಷ್ಟೇ:

“ಫೋಟೋ ತೆಗೆಸ್ಕೊಂಡು ಗಂಡಿನ ಮನೆಗೆ ಕಳ್ಸೋ ವಯಸ್ನಾಗೆ ಫೋಟೋ ತೆಗೀತೀನಿ ಅಂತ ಹೊಂಟೀಯಲ್ಲೇ.”

ಸಾಹೇಬರ ಅಂಗಡಿಗೆ ಒಂದು ಪದ್ಧತಿಯಿತ್ತು. ಅಲುಗಿದ ಫೋಟೋಗೆ ಅವರು ಪ್ರಿಂಟು ಹಾಕುತ್ತಿರಲಿಲ್ಲ. ನೀವು ರೋಲು ಕೊಟ್ಟರೆ, ನೆಟ್ಟಗೆ ಬಂದದ್ದಷ್ಟೇ ಲಕೋಟೆಯಲ್ಲಿ ಇರುತ್ತಿತ್ತು. ಊರು ಇದನ್ನು ದೊಡ್ಡ ಪ್ರಾಮಾಣಿಕತೆ ಎಂದು ಕೊಂಡಾಡುತ್ತಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾವೇ ತೆಗೆದದ್ದು ಅಲುಗಿದ್ದರೆ ಬಿಡಿಗಾಸು ತೆಗೆದುಕೊಳ್ಳದೆ ಮತ್ತೆ ತೆಗೆದುಕೊಡುತ್ತಿದ್ದರು. ಒಂದು ಮದುವೆಯಲ್ಲಿ ತಾಳಿ ಕಟ್ಟುವ ಫೋಟೋವೇ ಅಲುಗಿತ್ತಂತೆ. ಮೂರನೇ ದಿನ ಗಂಡು ಹೆಣ್ಣನ್ನು ಅಂಗಡಿಗೆ ಕರೆಸಿ, ಹಿಂದೆ ಬಣ್ಣದ ಜಲಪಾತದ ಪರದೆ ಇಳಿಬಿಟ್ಟು, ಮತ್ತೊಮ್ಮೆ ತಾಳಿ ಕಟ್ಟಿಸಿ ತೆಗೆದರು. ಆಲ್ಬಮ್ಮಿನಲ್ಲಿ ಆ ದಂಪತಿಗೆ ಚಳ್ಳಕೆರೆಯಲ್ಲೇ ಜಲಪಾತದ ಎದುರು ಮದುವೆಯಾಗಿದೆ. ಯಾರೂ ತಕರಾರು ಮಾಡಲಿಲ್ಲ. ಜಲಪಾತ ನೆಟ್ಟಗೆ ಬಂದಿತ್ತು.

ನನ್ನ ಮೊದಲ ಅಲುಗಾಟ ಆಕಸ್ಮಿಕವೇ. ಮಕ್ಕಳನ್ನು ಸಸ್ಯಗಳ ಪಾಠಕ್ಕೆಂದು ಶಾಲೆಯ ಹಿಂದಿನ ನೀಲಗಿರಿ ತೋಪಿಗೆ ಕರೆದೊಯ್ದಿದ್ದೆ. ಸಂಜೆ, ಕಾಲು ಸೆಕೆಂಡಿನ ಶಟರು. ಬಟನ್ ಒತ್ತುವ ಹೊತ್ತಿಗೆ ಒಂದು ಹೋತ ಬಂದು ಮೊಣಕಾಲಿಗೆ ಗುದ್ದಿತು. ರೋಲು ತೊಳೆಸಿದಾಗ ಲಕೋಟೆಯಲ್ಲಿ ಅದೊಂದು ಇರಲಿಲ್ಲ. ನೆಗೆಟಿವ್ ಪಟ್ಟಿಯನ್ನು ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಅದರಲ್ಲಿ ಮರ ಮರವಾಗಿರಲಿಲ್ಲ. ನೆಲದಿಂದ ಆಕಾಶಕ್ಕೆ ಯಾರೋ ಒಂದೇ ಉಸಿರಿನಲ್ಲಿ ಎಳೆದ ಗೆರೆಗಳಾಗಿದ್ದವು. ಇಲಾಖೆ ನೆಟ್ಟ ಆ ಪೆದ್ದು ತೋಪು ಅಲ್ಲಿ ಮೊದಲ ಸಲ ಕಾಡಿನ ಹಾಗೆ ಕಂಡಿತು.

“ಇದೊಂದು ಯಾಕೆ ಹಾಕಿಲ್ಲ ಸಾಹೇಬ್ರೇ?”

“ಅದು ಶೇಕ್ ಆಗೈತೆ ಮೇಡಂ.”

“ಆಗ್ಲಿ, ಹಾಕ್ರಿ.”

“ಅರೆ, ಶೇಕ್ ಆಗೈತೆ ಅಂದ್ನಲ್ಲ. ಕಾಗದ ಯಾಕೆ ಖರಾಬ್ ಮಾಡಾದು?”

ಆ ದಿನದಿಂದ ನಾನು ಹೋತವನ್ನು ನೆಚ್ಚಿಕೊಳ್ಳದೆ ಸ್ವಂತ ಕೈಯಿಂದ ಅಲ್ಲಾಡಿಸಲು ಕಲಿಯತೊಡಗಿದೆ. ಎಡಕ್ಕೆ ಬಲಕ್ಕೆ ಬೀಸಿದರೆ ತೋಪು ಸುಣ್ಣ ಬಳಿದ ಗೋಡೆಯಾಗುತ್ತಿತ್ತು. ಗಿರ್ರನೆ ತಿರುಗಿಸಿದರೆ ಬಾವಿಗೆ ಬಿದ್ದವರಿಗೆ ಕಾಣುವ ಆಕಾಶವಾಗುತ್ತಿತ್ತು. ನಡೆಯುತ್ತ ಒತ್ತಿದರೆ ಏನೂ ಆಗುತ್ತಿರಲಿಲ್ಲ, ಬರೀ ಕೊಳೆ. ಬುಡದಿಂದ ತುದಿಗೆ, ಮೆಲ್ಲಗೆ ಶುರು ಮಾಡಿ, ನಿಲ್ಲಿಸದೆ ಎತ್ತಿದರೆ ಮಾತ್ರ ಕಾಂಡಗಳು ಉಳಿದು ಎಲೆಗಳು ಕರಗುತ್ತಿದ್ದವು. ಬಿಸಿಲಿದ್ದರೆ ಕಾಲು ಸೆಕೆಂಡಿಗೆ ಫಿಲಂ ಪೂರ್ತಿ ಸುಟ್ಟುಹೋಗುತ್ತಿತ್ತು. ಚಳ್ಳಕೆರೆಯ ಬಿಸಿಲು ಯಾವ ಕಲೆಗೂ ಅನುಕೂಲವಾದದ್ದಲ್ಲ. ಸಂತೆಯಲ್ಲಿ ಒಂದು ಕಪ್ಪು ಕೂಲಿಂಗ್ ಗ್ಲಾಸು ಕೊಂಡು, ಅದರ ಒಂದು ಗಾಜನ್ನು ಲೆನ್ಸಿಗೆ ಅಡ್ಡ ಹಿಡಿದು ತೆಗೆದೆ. ಒಂದು ಕೈಯಲ್ಲಿ ಕನ್ನಡಕ, ಒಂದು ಕೈಯಲ್ಲಿ ಕ್ಯಾಮೆರಾ, ಸೀರೆಯ ಸೆರಗು ಸೊಂಟಕ್ಕೆ. ನೋಡಿದವರಿಗೆ ಏನನಿಸಿತೋ ಅವರೇ ಹೇಳಿದರು.

ಆ ತೋಪಿನಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳಿದ್ದಳು, ಆಂಧ್ರದ ಗಡಿಯ ಕಡೆಯವಳು. ಒಂದಿಷ್ಟು ದಿನ ದೂರ ನಿಂತು ನೋಡಿದಳು. ಆಮೇಲೆ ಹತ್ತಿರ ಬಂದಳು.

“ಏಮಮ್ಮಾ ಮೇಡಮ್ಮ, ಕ್ಯಾಮ್ರಾನ ಮೊರ ಮಾಡ್ಕಂಡು ಕೇರ್ತೀಯಲ್ಲ, ಹೊಟ್ಟು ಎಲ್ಲಿ?”

“ಎಲೆನೇ ಹೊಟ್ಟು. ಮರ ಕಾಳು.”

“ಕೇರಿದ್ ಮ್ಯಾಲೆ ತಿನ್ನಾಕಾಗುತ್ತಾ?”

“ಇಲ್ಲ.”

“ಅಂಗಾದ್ರೆ ಸರ್ಕಾರಿ ಕೆಲ್ಸನೇ ಬಿಡು,” ಎಂದು ಆಡು ಹೊಡೆದುಕೊಂಡು ಹೋದಳು.

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಎತ್ತುವಾಗ ತೋಳು ನಡುಗದಂತೆ ಸಾಗಿಸುವುದು ನನಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ, ಎಣ್ಣೆ ಮಿಲ್ಲಿನ ಅಂಗಳದಿಂದಲೇ ಬಂದದ್ದು. ಆದರೆ ಊರಿಗೆ ತಲುಪಿದ ಸುದ್ದಿ ಬೇರೆ. ಮುಖ್ಯೋಪಾಧ್ಯಾಯರು ಒಂದು ದಿನ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು: “ಮೇಡಂ, ನಿಮ್ಮ ಕೈ ನಡುಗ್ತದಂತೆ. ದಾವಣಗೆರೆಯಲ್ಲಿ ನರದ ಡಾಕ್ಟ್ರು ನನಗೆ ಗೊತ್ತಿದ್ದಾರೆ.”

ಸಾಹೇಬರು ದೊಡ್ಡ ಪ್ರಿಂಟು ಹಾಕದಿದ್ದರೂ, ನೆಗೆಟಿವ್ ಪಟ್ಟಿಯನ್ನು ಹಾಗೇ ಕಾಗದದ ಮೇಲಿಟ್ಟು ಅಂಚೆ ಚೀಟಿಗಿಂತ ತುಸು ದೊಡ್ಡ ಚಿತ್ರಗಳ ಒಂದು ಹಾಳೆ ಮಾಡಿಕೊಡಲು ಒಪ್ಪಿದ್ದರು. ಅವರ ಕಾನೂನಿನಲ್ಲಿ ಅದು ಫೋಟೋ ಅಲ್ಲ, ಬರೀ ಲೆಕ್ಕ. ಆ ಹಾಳೆಯನ್ನು ಅವ್ವನಿಗೆ ತೋರಿಸಿದೆ.

“ಇದೇನೇ, ಮಳೆ ಬಿದ್ದಂಗೈತೆ?”

“ನೀಲಗಿರಿ ತೋಪು ಕಣವ್ವ.”

“ಮರ ಎಲ್ಲಿ?”

“ಅಲ್ಲೇ ಐತಲ್ಲ.”

ಅವ್ವ ಹಾಳೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. “ನಿಮ್ಮಪ್ಪಂಗೆ ಕುಡಿದಾಗ ಇಂಗೇ ಕಾಣ್ತಿತ್ತಂತೆ. ಅವ್ನು ಓದಿರ್ಲಿಲ್ಲ ಪಾಪ,” ಎಂದಳು.

ಅಷ್ಟು ಸಣ್ಣ ಚಿತ್ರವನ್ನು ಯಾರಿಗೆ ತೋರಿಸಿದರೂ ಇದೇ ಪಾಡು. ನನಗೆ ಬೇಕಿದ್ದದ್ದು ಒಂದೇ. ಆ ಚಿತ್ರ ಒಂದು ಗೋಡೆಯ ಮೇಲೆ, ತೋಳಗಲ, ನನ್ನ ಹೆಸರಿನ ಚೀಟಿಯ ಮೇಲೆ ತೂಗಬೇಕು, ಫೋಟೋ ಗೊತ್ತು ಎನ್ನುವವರು ಎದುರು ನಿಂತು ನೋಡಬೇಕು. ಇಷ್ಟಪಡಬೇಕೆಂದಿಲ್ಲ, ನೋಡಿದರೆ ಸಾಕು.

ಫೋಟೋ ಗೊತ್ತು ಎನ್ನುವವರು ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಅಲ್ಲಿ ಹವ್ಯಾಸಿಗಳ ಬಳಗವೊಂದು ತಿಂಗಳಿಗೊಂದು ಭಾನುವಾರ ಸೇರುತ್ತಿತ್ತು. ಹಾಳೆ ಹಿಡಿದು ಹೋದೆ. ಗೋಡೆಗಳ ತುಂಬ ಸುಕ್ಕು ಮುಖದ ಮುದುಕರು, ಬೀಡಿ ಹೊಗೆ, ಬಿಸಿಲುಕೋಲಿನಲ್ಲಿ ಕೊಡ ಹೊತ್ತ ಹೆಂಗಸರು. ನಮ್ಮ ತಾಲ್ಲೂಕಿನ ಮುದುಕರೆಲ್ಲ ಅಲ್ಲೇ ಇದ್ದರು. ನಮ್ಮಪ್ಪನೂ ಇದ್ದನೇನೋ, ನಾನು ಹುಡುಕಲಿಲ್ಲ. ಬಳಗದವರು ಚಳಿಗಾಲದಲ್ಲಿ ಜೀಪು ಮಾಡಿಕೊಂಡು ವರವು ಕಾವಲಿಗೂ ಉಳ್ಳಾರ್ತಿ ಕಾವಲಿಗೂ ಬರುತ್ತಿದ್ದರು. ಆ ಹುಲ್ಲುಗಾವಲುಗಳಿಗೆ ಆಗಿನ್ನೂ ಬೇಲಿ ಬಿದ್ದಿರಲಿಲ್ಲ. ಕೃಷ್ಣಮೃಗ ಸಿಕ್ಕರೆ ಕೃಷ್ಣಮೃಗ, ಸಿಗದಿದ್ದರೆ ದಾರಿಯಲ್ಲೊಬ್ಬ ಮುದುಕ.

ಬಳಗದ ಅಧ್ಯಕ್ಷರು ನಿವೃತ್ತ ಇಂಜಿನಿಯರು. ಕುತ್ತಿಗೆಯಲ್ಲಿ ಜರ್ಮನ್ ಕ್ಯಾಮೆರಾ, ಅವರ ತಂದೆಯದಂತೆ. ನನ್ನನ್ನು ಕೇಳಿದ ಮೊದಲ ಪ್ರಶ್ನೆ:

“ನಿಮ್ಮ ಮನೆಯಲ್ಲಿ ಮುಂಚೆ ಯಾರು ಫೋಟೋಗ್ರಫಿ ಮಾಡ್ತಿದ್ರು?”

“ಯಾರೂ ಇಲ್ಲ ಸಾರ್.”

“ಹಾಂ,” ಎಂದರು, ಅಲ್ಲಿಗೆ ರೋಗ ಯಾವುದೆಂದು ತಿಳಿದ ಹಾಗೆ. ಭೂತಗಾಜಿನಲ್ಲಿ ಹಾಳೆ ನೋಡಿದರು. “ಒಂದು ಟ್ರೈಪಾಡ್ ತಗೊಳ್ಳಿ.”

“ಇದು ಬೇಕಂತ ಮಾಡಿರೋದು ಸಾರ್.”

“ಬೇಕಂತ ತಪ್ಪು ಮಾಡೋಕೂ ಒಂದು ಅರ್ಹತೆ ಬೇಕಮ್ಮ. ಮೊದಲು ಸರಿಯಾಗಿ ಮಾಡೋದು ಬರಬೇಕು.”

ನಾನು ಹಾಳೆ ಮಡಚಿಕೊಂಡು ಬಂದೆ. ಬಸ್ಸಿನಲ್ಲಿ ಎಲ್ಲ ಉತ್ತರಗಳೂ ಹೊಳೆದವು. ಒಳ್ಳೆಯ ಉತ್ತರಗಳು, ಅಧ್ಯಕ್ಷರ ತಾತನ ಕಾಲದ ಮಂಚದ ತನಕ ಮುಟ್ಟುವಂಥವು. ಕೇಳುವುದಕ್ಕೆ ಪಕ್ಕದಲ್ಲಿ ಒಬ್ಬ ಈರುಳ್ಳಿ ವ್ಯಾಪಾರಿ ಮಾತ್ರ ಇದ್ದ, ಅವನೂ ನಿದ್ದೆ ಹೋಗಿದ್ದ.

ಆ ಬಳಗದ ವಾರ್ಷಿಕ ಪ್ರದರ್ಶನ ಹವ್ಯಾಸಿಗಳಿಗೆಲ್ಲ ತೆರೆದಿತ್ತು. ಮುಖ ನೋಡದೆ ಚಿತ್ರ ಆರಿಸುತ್ತಾರೆ ಎಂದಿದ್ದರು. ಮುಖ ನೋಡದೆ, ಮನೆಯಲ್ಲಿ ಮುಂಚೆ ಯಾರು ಎಂದು ಕೇಳದೆ. ಅದು ನನಗೆ ಹಿಡಿಸಿತು. ಇದ್ದುದರಲ್ಲಿ ಒಳ್ಳೆಯ ನೆಗೆಟಿವ್ ಆರಿಸಿ ಸಾಹೇಬರ ಮುಂದಿಟ್ಟೆ.

“ಇದನ್ನ ದೊಡ್ಡದು ಮಾಡಿ ಕೊಡ್ರಿ. ಪ್ರದರ್ಶನಕ್ಕೆ ಹೋಗ್ಬೇಕು.”

ಸಾಹೇಬರು ನೆಗೆಟಿವ್ ನೋಡಿದರು, ನನ್ನನ್ನು ನೋಡಿದರು, ಗೋಡೆಯ ಮೇಲಿದ್ದ ತಮ್ಮ ತಂದೆಯ ಫೋಟೋ ನೋಡಿದರು. ಆ ಫೋಟೋದಲ್ಲಿ ಗಡ್ಡದ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು.

“ಮೇಡಂ, ನಿಮ್ಮ ಇಜ್ಜತ್ ಹೋಗ್ತೈತೆ.”

“ನನ್ನದಲ್ವಾ, ಹೋಗ್ಲಿ.”

“ನಂದೂ ಹೋಗ್ತೈತೆ. ಡಿಗ್ರಿ ಓದಿರೋ ಮೇಡಂ ಕ್ಯಾಮ್ರಾ ಹಿಡಿಯಾಕೆ ಬರಲ್ಲ, ಚಳ್ಳಕೆರೆ ಸಾಹೇಬಂಗೆ ಪ್ರಿಂಟ್ ಹಾಕಾಕೆ ಬರಲ್ಲ ಅಂತಾರೆ.”

ಒಂದು ವಾರ ದಿನಾ ಸಂಜೆ ಬಸ್ಸಿಳಿದು ಅವರ ಅಂಗಡಿಯಲ್ಲಿ ಇದೇ ಜಗಳ. ಪಕ್ಕದ ಮೆಕ್ಯಾನಿಕ್ ಅಂಗಡಿಯವರು ಟೀ ಹಿಡಿದುಕೊಂಡು ಕೇಳಲು ಬರುವಷ್ಟು ಅದು ಪ್ರಸಿದ್ಧವಾಯಿತು. “ಮೇಡಮ್ಮಂದು ಇವತ್ತೂ ಶೇಕಾ?” ಎಂದು ಒಬ್ಬ, “ಲೇ ಸುಮ್ನಿರಲೇ, ಅವರು ಬಿಎಸ್ಸಿ” ಎಂದು ಇನ್ನೊಬ್ಬ. ಕೊನೆಗೆ ಸಾಹೇಬರು ಕೈಚೆಲ್ಲಿದರು.

“ಆಯ್ತು, ಬಿಡ್ರಿ. ಕೆಮಿಕಲ್ ತರಾಕೆ ನಾನೇ ಅಲ್ಲಿಗೆ ಹೋಗ್ತೀನಿ, ಫೋಟೋನೂ ನಾನೇ ಮುಟ್ಟಿಸ್ತೀನಿ. ನಿಮ್ಮ ಪರೀಕ್ಷೆ ಪೇಪರ್ ನೀವ್ ತಿದ್ಕಳ್ರಿ.”

ನಾನು ಹೆಸರು, ಡಿಗ್ರಿ, ಚಿತ್ರದ ತಲೆಬರಹ ‘ಅಲುಗಾಟ’ ಎಂದು ಚೀಟಿ ಬರೆದುಕೊಟ್ಟು ನಿಶ್ಚಿಂತೆಯಿಂದ ಪೇಪರು ತಿದ್ದಿದೆ.

ಫಲಿತಾಂಶ ಶಾಲೆಯ ಫೋನಿಗೆ ಬಂತು. ಕಪ್ಪು ಬಿಳುಪು ವಿಭಾಗದಲ್ಲಿ ನನ್ನ ‘ಅಲುಗಾಟ’ಕ್ಕೆ ಮೊದಲ ಬಹುಮಾನ. ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಘೋಷಿಸಿ, ಕೈ ನಡುಗಿದರೂ ಸಾಧನೆ ಮಾಡಬಹುದು ಎಂದು ಮಕ್ಕಳಿಗೆ ಬುದ್ಧಿ ಹೇಳಿದರು. ನಾನು ಅದನ್ನೂ ಕ್ಷಮಿಸಿದೆ. ನನ್ನ ತಲೆಯಲ್ಲಿ ಅಧ್ಯಕ್ಷರು ಆಗಲೇ ನನ್ನ ಚಿತ್ರದ ಮುಂದೆ ನಿಂತು, ಜರ್ಮನ್ ಕ್ಯಾಮೆರಾ ಕಳಚಿ ಮೇಜಿನ ಮೇಲಿಡುತ್ತಿದ್ದರು. ಮೊದಲ ಸಂಬಳದಲ್ಲಿ ಕೊಂಡಿದ್ದ ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟೆ. ಅವ್ವನನ್ನೂ ಹೊರಡಿಸಿದೆ. ಮುಖ್ಯೋಪಾಧ್ಯಾಯರು ತಾವೇ ಹೊರಟರು.

ಸಭಾಂಗಣದಲ್ಲಿ ನನ್ನ ಗೆರೆಗಳನ್ನು ಹುಡುಕುತ್ತ ಎರಡು ಸುತ್ತು ಹೊಡೆದೆ, ಸಿಗಲಿಲ್ಲ. ಸಿಕ್ಕಿದ್ದು ನನ್ನ ಹೆಸರು. ‘ಅಲುಗಾಟ’ ಎಂಬ ಚೀಟಿ, ಬಹುಮಾನದ ರಿಬ್ಬನ್ನು, ಅದರ ಮೇಲೆ ದೊಡ್ಡ ಫ್ರೇಮು. ಫ್ರೇಮಿನೊಳಗೆ ಅದೇ ತೋಪು, ಅದೇ ಸಾಲು, ಆದರೆ ತೊಗಟೆಯ ಒಂದೊಂದು ಬಿರುಕನ್ನೂ ಎಣಿಸಬಹುದಾದಷ್ಟು ನೆಟ್ಟಗೆ. ನಟ್ಟನಡುವೆ ಆಡಿನ ಹೆಂಗಸು. ಎರಡೂ ಕೈ ತೊಡೆಗೆ ಅಂಟಿಸಿ, ಗದ್ದ ಎತ್ತಿ, ಎರಡೂ ಕಿವಿ ಕಾಣುವಂತೆ ಸೆರಗು ಹಿಂದಕ್ಕೆ ಸರಿಸಿ, ರೇಷನ್ ಕಾರ್ಡಿನ ಫೋಟೋಗೆ ನಿಂತ ಹಾಗೆ ನಿಂತಿದ್ದಳು. ಒಂದು ಆಡೂ ಇರಲಿಲ್ಲ.

ಅವ್ವ ಹತ್ತಿರ ಹೋಗಿ ನೋಡಿ ಹೇಳಿದಳು: “ಈ ಸಲ ಚೆನ್ನಾಗಿ ತೆಗ್ದೀಯ ಕಣೇ.”

ಅಷ್ಟರಲ್ಲಿ ವೇದಿಕೆಗೆ ಕರೆದರು. ಅಧ್ಯಕ್ಷರು ಮೈಕಿನ ಮುಂದೆ ಆ ಚಿತ್ರದ ಅರ್ಥ ಬಿಡಿಸತೊಡಗಿದರು. ಇಷ್ಟು ಅಚಲವಾದ ಚಿತ್ರಕ್ಕೆ ‘ಅಲುಗಾಟ’ ಎಂದು ಹೆಸರಿಟ್ಟದ್ದೇ ಒಂದು ಪ್ರತಿಭೆಯಂತೆ. ಹೊರಗೆ ಬಯಲುಸೀಮೆಯ ಹೆಣ್ಣು ಬಂಡೆಯ ಹಾಗೆ ನಿಂತಿದ್ದಾಳೆ, ಅಲುಗಾಟ ಅವಳ ಒಳಗಿದೆಯಂತೆ. ಆಡು ಕಾಯುವವಳ ಚಿತ್ರದಲ್ಲಿ ಆಡೇ ಇಲ್ಲದಿರುವುದು ದೊಡ್ಡ ಮೌನವಂತೆ. ನಾನು ಪಕ್ಕದಲ್ಲಿ ನಿಂತು ಆ ಹೆಂಗಸಿನ ಕಿವಿಗಳನ್ನೇ ನೋಡುತ್ತಿದ್ದೆ.

ಮೈಕು ನನ್ನ ಕೈಗೆ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ. “ಈ ಫೋಟೋ ನಾನು ತೆಗೆದದ್ದಲ್ಲ. ಚಳ್ಳಕೆರೆಯ ಸ್ಟುಡಿಯೋದವರು ತೆಗೆದದ್ದು. ನಾನು ಕಳಿಸಿದ್ದು ಬೇರೆ, ಅದು ಅಲುಗಿದ್ದು.”

ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಚಪ್ಪಾಳೆ. ಅಧ್ಯಕ್ಷರು ಮೈಕು ವಾಪಸು ತೆಗೆದುಕೊಂಡು, ಪ್ರಿಂಟು ಹಾಕಿದವನಿಗೂ ಹೀಗೆ ಗೌರವ ಸಲ್ಲಿಸುವ ವಿನಯ ಈ ಕಾಲದಲ್ಲಿ ಅಪರೂಪ ಎಂದರು. ಮತ್ತೆ ಚಪ್ಪಾಳೆ, ಅದರಲ್ಲಿ ಮುಖ್ಯೋಪಾಧ್ಯಾಯರದೇ ಜೋರು.

“ವಿನಯ ಅಲ್ಲ ಸಾರ್, ನಿಜ,” ಎಂದು ಅವರ ಕಿವಿಯ ಬಳಿ ಹೇಳಿದೆ. “ಬಹುಮಾನ ಅವರಿಗೆ ಕೊಡ್ರಿ.”

ಅವರು ನಗುಮುಖ ಸಡಿಲಿಸದೆ, ತುಟಿ ಮಾತ್ರ ಆಡಿಸಿ ಹೇಳಿದರು: “ಅಂಗಡಿ ಇಟ್ಟವರಿಗೆ ಕೊಡೋಕೆ ನಿಯಮ ಇಲ್ಲಮ್ಮ. ನಿಮಗೇ ಕೊಡಬೇಕು. ಇಸ್ಕೊಳ್ಳಿ, ಹಿಂದೆ ಊಟ ಕಾಯ್ತಿದೆ.”

ನಾನು ಇಸಿದುಕೊಳ್ಳದೆ ಇಳಿದೆ. ಬಹುಮಾನದ ಫಲಕವನ್ನು ಮುಖ್ಯೋಪಾಧ್ಯಾಯರು ಇಸಿದುಕೊಂಡರು, ಶಾಲೆಯ ಪರವಾಗಿ. ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಳು. ಹಿರಿಯೂರು ರಸ್ತೆ ದಾಟಿದ ಮೇಲೆ ಒಂದೇ ಸಲ ಬಾಯಿ ತೆರೆದಳು: “ಕೊಟ್ಟಿದ್ದು ಇಸ್ಕಳಾಕೂ ಓದಿರ್ಬೇಕೇನು?”

ಮಾರನೆಯ ಬೆಳಗ್ಗೆ ಸ್ಟುಡಿಯೋ ಬಾಗಿಲು ತೆಗೆಯುವ ಮುಂಚೆಯೇ ನಾನು ಮೆಟ್ಟಿಲ ಮೇಲಿದ್ದೆ. ಸಾಹೇಬರು ಪೇಡೆಯ ಪೊಟ್ಟಣ ಹಿಡಿದುಕೊಂಡೇ ಬಂದರು.

“ಮುಬಾರಕ್ ಮೇಡಂ. ಫಸ್ಟ್ ಪ್ರೈಜ್ ಅಂತಲ್ಲ.”

“ಯಾರಿಗೆ?”

“ನಿಮಗೇ.”

“ಫೋಟೋ ಯಾರದು ಸಾಹೇಬ್ರೇ?”

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿಧಾನಕ್ಕೆ, ಗಿರಾಕಿಗೆ ಸಮಾಧಾನ ಹೇಳುವ ದನಿಯಲ್ಲಿ ವಿವರಿಸಿದರು. ಶುಕ್ರವಾರ ನಮಾಜು ಮುಗಿಸಿ, ಸ್ಕೂಟರಿಗೆ ಟ್ರೈಪಾಡ್ ಕಟ್ಟಿಕೊಂಡು, ಬಿಸಿಲಲ್ಲಿ ಬಿ.ಜಿ. ಕೆರೆ ದಾಟಿ ಹೋಗಿ ಅದೇ ಜಾಗ ಹುಡುಕಿದ್ದರು. ಬರೀ ಮರ ಇದ್ದರೆ ಯಾರು ನೋಡುತ್ತಾರೆ ಎಂದು ಆ ಹೆಂಗಸನ್ನು ನಿಲ್ಲಿಸಿದ್ದರು. ಆಡುಗಳನ್ನೂ ನಿಲ್ಲಿಸಲು ನೋಡಿದರು, ಅವು ಮಾತು ಕೇಳಲಿಲ್ಲ.

“ಆಡು ಶ್ಯಾನೆ ಶೇಕ್ ಆಗ್ತಿದ್ವು. ಓಡಿಸ್ಬಿಟ್ಟೆ.”

“ನನ್ನ ಫೋಟೋ ಬದ್ಲಿಸಾಕೆ ಯಾರ್ ಹೇಳಿದ್ರು ನಿಮಗೆ?”

“ಶೇಕ್ ಆದ್ರೆ ನಾನು ಮತ್ತೆ ತೆಕ್ಕೊಡ್ತೀನಲ್ಲ ಮೇಡಂ. ಎಲ್ಲಾರ್ಗೂ ಕೊಡ್ತೀನಿ. ನಿಮ್ಮತ್ರ ಒಂದು ಪೈಸಾ ಕೇಳ್ದೆನಾ?”

ಅವರ ಮುಖದಲ್ಲಿ ಕಳ್ಳತನದ ಗುರುತೇ ಇರಲಿಲ್ಲ. ನಾನು ರೇಗುವುದಕ್ಕೆ ಜಾಗವೇ ಉಳಿಯದ ಹಾಗೆ ನಿಂತಿದ್ದರು. ಆದರೂ ರೇಗಿದೆ. ಎಂಟು ಗಂಟೆಯ ಬಜಾರಿನಲ್ಲಿ, ಮೆಕ್ಯಾನಿಕ್ ಅಂಗಡಿಯವರೆಲ್ಲ ಸ್ಪ್ಯಾನರು ಕೆಳಗಿಟ್ಟು ಕೇಳುವ ಹಾಗೆ ರೇಗಿದೆ. ನಮ್ಮವ್ವ ಕೇರಿದ್ದು, ನಮ್ಮಪ್ಪ ಹೊತ್ತದ್ದು, ನಾನು ಓದಿದ್ದು, ಎಲ್ಲ ಬಂತು. ಇಷ್ಟೆಲ್ಲ ಮಾಡಿ ನನ್ನ ಹೆಸರನ್ನು ನಾನು ಒಂದು ಗೋಡೆಗೆ ತಂದರೆ, ಅದರ ಮೇಲೆ ನಿಮ್ಮ ಫೋಟೋ ಹಾಕಿದಿರಲ್ಲ ಎಂದೆ. ನನ್ನದು ಕೆಟ್ಟದ್ದೇ ಇರಲಿ, ನನ್ನ ಹೆಸರಿನ ಮೇಲೆ ನನ್ನ ಕೆಟ್ಟದ್ದೇ ಇರಬೇಕು ಎಂದೆ.

ಸಾಹೇಬರು ಪೇಡೆಯ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ನನ್ನ ಕೈಲಿ ಆಗಲ್ಲ ಮೇಡಂ. ಹಾಕಾಕೆ ಕೈ ಬರಲ್ಲ,” ಎಂದರು.

“ಹಂಗಾದ್ರೆ ಡಾರ್ಕ್‌ರೂಮ್ ಬಿಡ್ರಿ. ನಾನೇ ಹಾಕ್ಕಂತೀನಿ.”

ಅವರು ಯೋಚಿಸಿ ಪರದೆ ಸರಿಸಿದರು. ತಮ್ಮ ಕೈ ಹತ್ತದಿದ್ದರೆ ತಮ್ಮ ಮೇಲೆ ಪಾಪವಿಲ್ಲ ಎಂದುಕೊಂಡಿರಬೇಕು. ಆ ದಿನ ಶಾಲೆಗೆ ರಜೆ ಹಾಕಿದೆ. ಒಳಗೆ ಹೋದ ಮೇಲೆ ಹೊಸ ಫಜೀತಿ. ದೊಡ್ಡದು ಮಾಡುವ ಯಂತ್ರದಲ್ಲಿ ಚಿತ್ರ ನೆಟ್ಟಗೆ ಕೂತಿದೆಯೋ ಇಲ್ಲವೋ ನೋಡಬೇಕು, ಆದರೆ ನೆಟ್ಟಗೆ ಎನ್ನುವಂಥದ್ದು ನನ್ನ ಚಿತ್ರದಲ್ಲಿ ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಕ್ಯಾಮೆರಾ ಎಳೆದ ಗೀರು. ಆ ಗೀರು ಚೂಪಾಗಿ ಕಾಣುವ ತನಕ ತಿರುಗಿಸಿದೆ, ಉಳಿದದ್ದೆಲ್ಲ ತಾನಾಗಿ ಸರಿಹೋಯಿತು. ನಾಲ್ಕು ಹಾಳೆ ಕೆಡಿಸಿದೆ. ಪರದೆಯಾಚೆ ಸಾಹೇಬರು ಪ್ರತಿ ಹಾಳೆಗೂ ಒಂದೊಂದು ನಿಟ್ಟುಸಿರು ಬಿಟ್ಟರು. ಐದನೆಯದರಲ್ಲಿ, ತಟ್ಟೆಯ ಕೆಮಿಕಲ್ ನೀರಿನಡಿ, ಕೆಂಪು ಬೆಳಕಿನಲ್ಲಿ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಅಷ್ಟು ದಿನ ಅಂಚೆ ಚೀಟಿಯಷ್ಟೇ ನೋಡಿದ್ದೆ. ದೊಡ್ಡದಾದಾಗ ಅದು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಹೇಳಿಕೊಳ್ಳಬಾರದು ಅಂತಾರೆ, ಹೇಳುತ್ತಿದ್ದೇನೆ, ಚೆನ್ನಾಗಿತ್ತು.

ಪ್ರದರ್ಶನದ ಕೊನೆಯ ದಿನ ಪ್ರಿಂಟನ್ನು ರಟ್ಟಿನ ನಡುವೆ ಇಟ್ಟುಕೊಂಡು ಹೋದೆ. ಮಧ್ಯಾಹ್ನ, ಸಭಾಂಗಣದಲ್ಲಿ ಅಟೆಂಡರು ಒಬ್ಬನೇ ಇದ್ದ. ನನ್ನ ಹೆಸರಿನ ಫ್ರೇಮು ಇಳಿಸಿ, ಹಿಂದಿನ ಮೊಳೆ ಬಗ್ಗಿಸಿ, ಆಡಿನ ಹೆಂಗಸನ್ನು ಈಚೆ ತೆಗೆದು, ನನ್ನ ತೋಪನ್ನು ಒಳಗಿಟ್ಟೆ. ಅಟೆಂಡರು ಬಂದು ನೋಡಿದ. ಚೀಟಿಯ ಮೇಲಿನ ಹೆಸರು ನನ್ನದೇ ಎಂದು ತೋರಿಸಿದೆ. ನಿಮ್ಮ ಚಿತ್ರ, ನಿಮ್ಮ ಇಷ್ಟ ಎಂದ. ಆ ಸಭಾಂಗಣದಲ್ಲಿ ಅದುವರೆಗೆ ನಾನು ಕೇಳಿದ ಒಂದೇ ಒಂದು ತಿಳಿವಳಿಕೆಯ ಮಾತು ಅದು. ಬಹುಮಾನದ ರಿಬ್ಬನ್ನನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡೆ, ಆಡಿನ ಹೆಂಗಸಿನ ಫೋಟೋದ ಜೊತೆ. ಆ ಫೋಟೋ, ರಿಬ್ಬನ್ನು ಎರಡನ್ನೂ ಅವಳಿಗೇ ಕೊಟ್ಟೆ. ಅವಳ ಮನೆಯಲ್ಲಿ ಈಗಲೂ ಇದೆ. ಸಾಹೇಬರಷ್ಟು ಚೆನ್ನಾಗಿ ತೆಗೆಯಲು ನಾನು ಯಾವಾಗ ಕಲಿಯುತ್ತೇನೆ ಎಂದು ಸಿಕ್ಕಾಗಲೆಲ್ಲ ಕೇಳುತ್ತಾಳೆ.

ಸಂಜೆ ಜನ ಬಂದರು. ಕೊನೆಯ ದಿನವೆಂದು ಕಾಲೇಜು ಹುಡುಗರು, ಕುಟುಂಬಗಳು. ನಾನು ಗೋಡೆಯ ಪಕ್ಕ ನಿಂತಿದ್ದೆ. ಹಲವರು ಮುದುಕರನ್ನು ನೋಡಿ, ಜಿಂಕೆ ನೋಡಿ, ನನ್ನದರ ಮುಂದೆ ಬಂದು ಕಣ್ಣುಜ್ಜಿಕೊಂಡು ಮುಂದೆ ಹೋದರು. ಅಧ್ಯಕ್ಷರು ಸಮಾರೋಪಕ್ಕೆಂದು ಬಂದವರು ಸಾಲಿನ ಉದ್ದಕ್ಕೂ ನಡೆಯುತ್ತ ಅದರ ಮುಂದೆ ನಿಂತರು.

“ಏಯ್, ಇದ್ಯಾಕೋ ಗಾಜಿಗೆ ಹಬೆ ಹಿಡಿದಿದೆ? ಒರೆಸು.”

ಅಟೆಂಡರು ಬಟ್ಟೆ ತಂದು ಒರೆಸಿದ. ಉಸಿರು ಊದಿ ಮತ್ತೆ ಒರೆಸಿದ. “ಹೋಗ್ತಿಲ್ಲ ಸಾರ್,” ಎಂದ. ಅಧ್ಯಕ್ಷರು ತಮ್ಮ ಕನ್ನಡಕ ತೆಗೆದು ಅದನ್ನೂ ಒರೆಸಿಕೊಂಡರು. ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಚೀಟಿ ಓದಿದರು, ನನ್ನ ಕಡೆ ತಿರುಗಿದರು.

“ಹಬೆ ಅಲ್ಲ ಸಾರ್,” ಎಂದೆ. “ಮರ.”

“ನಾವು ಇದಕ್ಕೆ ಬಹುಮಾನ ಕೊಟ್ಟಿಲ್ಲವಲ್ಲ.”

“ಇಲ್ಲ ಸಾರ್. ರಿಬ್ಬನ್ ತೆಗೆದೀನಿ.”

ಅವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಹಿಂದೆ ಜನ ಗುಂಪುಗೂಡಿತ್ತು. ಗಾಜು ಒರೆಸುವುದನ್ನು ನೋಡಿ, ಇಲ್ಲೇನೋ ಇದೆ ಎಂದು ಬಂದವರು. ಒಬ್ಬಾಕೆ ಕತ್ತು ಚಾಚಿ, “ಇದೇನ್ರಿ ಇದು, ಇಂಗೈತೆ?” ಎಂದು ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಆದರೆ ಪ್ರಶ್ನೆ ಎಂದರೆ ತಮ್ಮನ್ನೇ ಕೇಳಿದ್ದು ಎಂದುಕೊಂಡೇ ಅರವತ್ತು ದಾಟಿದ ಮನುಷ್ಯ ಅಧ್ಯಕ್ಷರು. ಗಂಟಲು ಸರಿಮಾಡಿಕೊಂಡು ಜನರ ಕಡೆ ತಿರುಗಿ ಶುರು ಮಾಡಿಯೇಬಿಟ್ಟರು. ಇದೊಂದು ಹೊಸ ಬಗೆಯ ಪ್ರಯೋಗವೆಂದು, ಇಲ್ಲಿ ಮರ ಮುಖ್ಯವಲ್ಲ ಮರದ ಓಟ ಮುಖ್ಯವೆಂದು, ನಮ್ಮ ಜಿಲ್ಲೆಯಲ್ಲಿ ಇಂಥದ್ದು ಬೆಳೆಯಲಿ ಎಂದೇ ಬಳಗ ದುಡಿಯುತ್ತಿದೆಯೆಂದು. ಜನ ತಲೆದೂಗಿದರು. ಅವರು ಚಿತ್ರದ ಮುಂದೆಯೇ, ಅದಕ್ಕೆ ಬೆನ್ನು ಹಾಕಿ ನಿಂತಿದ್ದರಿಂದ, ಮಾತು ಕೇಳಿಸುತ್ತಿದ್ದ ಯಾರಿಗೂ ಚಿತ್ರ ಕಾಣುತ್ತಿರಲಿಲ್ಲ.

ನಾನು ಗುಂಪಿನ ನಡುವೆ ದಾರಿ ಮಾಡಿಕೊಂಡು ಅವರ ಪಕ್ಕಕ್ಕೆ ಹೋದೆ.

“ಸಾರ್, ಸ್ವಲ್ಪ ಸರೀರಿ. ಅದು ನಂದು, ನಾನೇ ಹೇಳ್ತೀನಿ.”

ಅವರು ಸರಿದರು.